ಮಗ ಬೇಡ, ದುಭಾಷಿಯನ್ನು ಕರೆಯಿರಿ

ಎದೆನೋವೆಂದು ಬಂದ ಅರವತ್ತೈದರ ಗಂಡಸಿನ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಮಾತ್ರೆ ಇಡುವ ಮುನ್ನ ಅಮೆರಿಕದ ಎಮರ್ಜೆನ್ಸಿ ವಾರ್ಡಿನ ವೈದ್ಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಕಳೆದ ಒಂದೆರಡು ದಿನದಲ್ಲಿ ವಯಾಗ್ರದಂಥ ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ? ಕೇಳದೆ ವಿಧಿಯಿಲ್ಲ. ಸಿಲ್ಡೆನಾಫಿಲ್ ನುಂಗಿ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ಈ ಮಾತ್ರೆ ಬಿದ್ದರೆ ರಕ್ತದೊತ್ತಡ ಪಾತಾಳಕ್ಕಿಳಿದು ಜೀವಕ್ಕೇ ಸಂಚಕಾರ ಬರಬಹುದು. ಈಗ ಆ ಪ್ರಶ್ನೆಯನ್ನು ಕನ್ನಡದಲ್ಲಿ ಮಾವನವರ ಮುಂದೆ ಇಡಬೇಕಾದವಳು ಸೊಸೆ. ಬಾಣಂತನಕ್ಕೆಂದು ಬಂದ ಅತ್ತೆ ಮಗ್ಗುಲಲ್ಲೇ ನಿಂತಿದ್ದಾರೆ. ಅವಳು ಕೇಳುತ್ತಾಳೆಯೇ? ಕೇಳಿದರೂ ಮಾವ ನಿಜ ಹೇಳುತ್ತಾರೆಯೇ? "ಇಲ್ಲ, ಅಂಥದ್ದೇನೂ ಇಲ್ಲ" ಎಂದು ಮಾವನ ಪರವಾಗಿ ಅವಳೇ ಉತ್ತರಿಸಿಬಿಡುವ ಸಂಭವವೇ ಹೆಚ್ಚು. ವೈದ್ಯರು ಅದನ್ನು ರೋಗಿಯ ಮಾತೆಂದೇ ಬರೆದುಕೊಳ್ಳುತ್ತಾರೆ.

ಸೊಸೆಯ ಇಂಗ್ಲಿಷಿನಲ್ಲಿ ದೋಷವಿಲ್ಲ. ಅವಳು ದೊಡ್ಡ ಕಂಪನಿಯೊಂದರಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಮೀಟಿಂಗ್ ನಡೆಸುವವಳಿರಬಹುದು. ಆದರೆ ಆ ಕೋಣೆಯಲ್ಲಿ ಅವಳು ಮೊದಲು ಸೊಸೆ, ಆಮೇಲೆ ಮಿಕ್ಕಿದ್ದೆಲ್ಲ. ಹೃದಯದ ಚಿಕಿತ್ಸೆ ಶುರುವಾಗುವುದೇ ರೋಗಿ ಹೇಳುವ ಮಾತಿನಿಂದ. ಆ ಮಾತು ಮನೆಯವರ ಬಾಯಲ್ಲಿ ಹಾದು ಬಂದರೆ ಸೋಸಿಯೇ ಬರುತ್ತದೆ. ಆದ್ದರಿಂದ ಆಸ್ಪತ್ರೆಗೆ ಇಸಿಜಿ ಯಂತ್ರ ಎಷ್ಟು ಅಗತ್ಯವೋ ತರಬೇತಾದ ದುಭಾಷಿಯೂ ಅಷ್ಟೇ ಅಗತ್ಯ ಎಂಬುದು ಈ ಲೇಖನದ ವಾದ. ಅಮೆರಿಕದಲ್ಲಿ ಆ ಸೇವೆ ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ ಸಿಗುತ್ತದೆ. ನಮ್ಮ ಜನ ಕೇಳುವುದಿಲ್ಲ, ಅಷ್ಟೆ. "ಮಗ ಇದ್ದಾನಲ್ಲ, ಅವನೇ ಹೇಳ್ತಾನೆ ಬಿಡಿ" ಎನ್ನುವ ಸಂಕೋಚ ನಮ್ಮದು.

ಈ ಹಕ್ಕು ಬಂದದ್ದು ಸುತ್ತು ದಾರಿಯಲ್ಲಿ. 1964ರ ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗ ಹೇಳುವುದಿಷ್ಟು: ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ಭೇದ ಮಾಡಕೂಡದು. ಅಲ್ಲಿ ಭಾಷೆಯ ಸುದ್ದಿಯೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳಿಗೆ ಶಾಲೆಯಲ್ಲಿ ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳುತ್ತಿದ್ದ ಪ್ರಕರಣದಲ್ಲಿ, 1974ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಭಾಷೆಯ ತೊಡಕನ್ನೂ ಈ ಕಾಯ್ದೆಯ ನೆರಳಿಗೆ ತಂದಿತು. ಆಸ್ಪತ್ರೆಗಳು ಎಚ್ಚೆತ್ತುಕೊಳ್ಳಲು ಇನ್ನೂ ಕಾಲು ಶತಮಾನ ಬೇಕಾಯಿತು. 2000ದ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ ಈ ಬಗ್ಗೆ ಆದೇಶ ಹೊರಡಿಸಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಎಮರ್ಜೆನ್ಸಿ ವಾರ್ಡುಗಳಲ್ಲಿ ದುಭಾಷಿ ಕಡ್ಡಾಯವೆಂದು ಕಾನೂನು ಮಾಡಿತು. 2010ರ ಒಬಾಮಾ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದನ್ನು ಬಿಗಿಗೊಳಿಸಿತು. 2024ರ ನಿಯಮಗಳಂತೂ ಇನ್ನೂ ಸ್ಪಷ್ಟ: ದುಭಾಷಿ ಅರ್ಹರಾಗಿರಬೇಕು, ರೋಗಿಯಿಂದ ಹಣ ಕೇಳಕೂಡದು, ತೀರಾ ತುರ್ತಿನ ಹೊತ್ತು ಬಿಟ್ಟರೆ ಚಿಕ್ಕ ಮಕ್ಕಳ ಕೈಯಲ್ಲಿ ಮಾತು ತಿರುಗಿಸಿ ಹೇಳಿಸುವ ಹಾಗಿಲ್ಲ. ಯಂತ್ರಾನುವಾದ ಮಾಡಿದ ಮಹತ್ವದ ಕಾಗದಪತ್ರಗಳನ್ನು ಅರ್ಹ ಮನುಷ್ಯರೊಬ್ಬರು ನೋಡಲೇಬೇಕು. 2025ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿ ಕ್ಲಿಂಟನ್ ಆದೇಶವನ್ನು ರದ್ದು ಮಾಡಿದರು. ಆದರೆ 1964ರ ಕಾಯ್ದೆಯೂ 1557ನೇ ಸೆಕ್ಷನ್ನೂ ಸಂಸತ್ತು ಮಾಡಿದ ಕಾನೂನುಗಳು. ಅಧ್ಯಕ್ಷರ ಒಂದು ಸಹಿಯಿಂದ ಅವು ಅಳಿಯುವುದಿಲ್ಲ.

ಫೋನಿನ ದುಭಾಷಿಯ ಕತೆ ಬೇರೆ. ಆಸ್ಟ್ರೇಲಿಯಾ 1973ರಷ್ಟು ಹಿಂದೆಯೇ ಟೆಲಿಫೋನಿನಲ್ಲಿ ದುಭಾಷಿ ಒದಗಿಸುವ ಸರ್ಕಾರಿ ಸೇವೆ ತೆರೆದಿತ್ತು. ಅಮೆರಿಕದಲ್ಲಿ 1982ರ ಸುಮಾರಿಗೆ ಸ್ಯಾನ್ ಹೋಸೆಯ ಪೊಲೀಸರಿಗೆ ವಿಯೆಟ್ನಾಂ ನಿರಾಶ್ರಿತರ ಜೊತೆ ಮಾತಾಡಲು ಜನ ಬೇಕಾಯಿತು. ಅಲ್ಲಿ ಮೊಳೆತ ಲ್ಯಾಂಗ್ವೇಜ್‌ಲೈನ್ ಎಂಬ ಸಂಸ್ಥೆ ಈಗ ಇನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಸೇವೆ ಕೊಡುತ್ತದೆ. ಇಂಥ ಸಂಸ್ಥೆಗಳು ಇನ್ನೂ ಹಲವಿವೆ. ಡಲ್ಲಾಸಿನ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಗಾಲಿಯ ಕಂಬಕ್ಕೆ ಸಿಕ್ಕಿಸಿದ ಐಪ್ಯಾಡಿನಲ್ಲಿ, ಇನ್ನಾವುದೋ ಊರಿನ ತಮ್ಮ ಮನೆಯಲ್ಲಿ ಕೂತ ಹೆಂಗಸೊಬ್ಬರು "ನಮಸ್ಕಾರ, ನಾನು ಕನ್ನಡ ಇಂಟರ್‌ಪ್ರಿಟರ್" ಎನ್ನುತ್ತಾರೆ, ತಮ್ಮ ಗುರುತಿನ ಸಂಖ್ಯೆ ಹೇಳುತ್ತಾರೆ. ಆ ಸಂಖ್ಯೆಯನ್ನು ನರ್ಸ್ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಾರೆ.

ಮೊದಲ ಸಲ ನೋಡುವವರಿಗೆ ಈ ದುಭಾಷಿಗಳ ಪದ್ಧತಿ ವಿಚಿತ್ರ ಅನಿಸುತ್ತದೆ. "ರೋಗಿಗೆ ನೋವಿದೆಯಂತೆ" ಎಂದು ಅವರು ಹೇಳುವುದಿಲ್ಲ. ರೋಗಿ "ನನಗೆ ರಾತ್ರಿಯಿಂದ ನೋವು" ಎಂದರೆ ಇಂಗ್ಲಿಷಿನಲ್ಲೂ "ನನಗೆ" ಎಂದೇ ಹೇಳುತ್ತಾರೆ. ಒಂದಿಷ್ಟು ಇಂಗ್ಲಿಷ್ ತಿಳಿಯುವ ಅಜ್ಜಿಯರಿಗೆ "ಅಯ್ಯೋ ಪಾಪ, ಆಯಮ್ಮನಿಗೂ ನೋವಂತಾ?" ಎಂಬ ಗೊಂದಲವಾದರೂ ಆಶ್ಚರ್ಯವಿಲ್ಲ. ವೈದ್ಯರು ಮುಖ ಕೊಟ್ಟು ಮಾತಾಡಬೇಕಾದ್ದು ರೋಗಿಯ ಜೊತೆ. ಕೋಣೆಯಲ್ಲಿ ಯಾರು ಏನೇ ಅಂದರೂ, ಮಗ ಮೂಲೆಯಲ್ಲಿ ನಿಂತು ಗೊಣಗಿದರೂ, ದುಭಾಷಿ ಅದನ್ನು ತಿರುಗಿಸಿಯೇ ಹೇಳುತ್ತಾರೆ. ತಮ್ಮ ಕಡೆಯಿಂದ ಸಲಹೆ ಸೇರಿಸುವಂತಿಲ್ಲ, ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ನಾಳೆ ಎದುರಾದರೂ ಬಾಯಿ ಬಿಡಕೂಡದು. ನಮ್ಮವರಿಗೆ ಇರುವ ದೊಡ್ಡ ಅಳುಕು ಇದೇ. ಅಷ್ಟು ಚಿಕ್ಕ ಸಮುದಾಯದಲ್ಲಿ ಗುಟ್ಟು ಉಳಿಯುತ್ತದೆಯೇ? ಅಳುಕಿದ್ದರೆ ಎದುರು ಬಂದು ಕೂರುವವರ ಬದಲು ಫೋನಿನವರನ್ನೇ ಕೇಳಿ. ಅವರು ಯಾವ ಊರಿನಲ್ಲಿದ್ದಾರೋ ಅವರಿಗೇ ಗೊತ್ತು.

ತಿರುಗಿಸಿ ಹೇಳುವಾಗ ಮಾತು ಎಷ್ಟು ಕೆಡುತ್ತದೆ ಎಂದು ಎಣಿಸಿ ನೋಡಿದವರಿದ್ದಾರೆ. ಮಕ್ಕಳ ತಜ್ಞ ಗ್ಲೆನ್ ಫ್ಲೋರೆಸ್ ಮತ್ತು ಸಂಗಡಿಗರು ಸ್ಪ್ಯಾನಿಷ್ ಮಾತಾಡುವ ಕುಟುಂಬಗಳ 13 ಭೇಟಿಗಳನ್ನು ರೆಕಾರ್ಡ್ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 396 ತಪ್ಪು, ಅಂದರೆ ಒಂದೊಂದು ಭೇಟಿಗೆ ಸರಾಸರಿ 31. ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಕೆಟ್ಟ ಅನುವಾದದಿಂದ ಬಂದವಲ್ಲ, ಹೇಳದೆ ಬಿಟ್ಟುಬಿಟ್ಟದ್ದರಿಂದ ಬಂದವು. ಮ್ಯಾಸಚೂಸೆಟ್ಸಿನ ಎರಡು ಎಮರ್ಜೆನ್ಸಿ ವಾರ್ಡುಗಳಲ್ಲಿ ಅವರೇ ಮಾಡಿದ, 2012ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಇನ್ನೂ ಕುತೂಹಲದ್ದು. ರೋಗಿಗೆ ತೊಂದರೆ ತರಬಲ್ಲ ತಪ್ಪುಗಳ ಪ್ರಮಾಣ ವೃತ್ತಿಪರ ದುಭಾಷಿಗಳಲ್ಲಿ ಶೇ 12, ಕೈಗೆ ಸಿಕ್ಕ ಮನೆಯವರು–ಸಿಬ್ಬಂದಿಯಲ್ಲಿ ಶೇ 22, ದುಭಾಷಿಯೇ ಇಲ್ಲದಾಗ ಶೇ 20. ಅಂದರೆ ಮನೆಯವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕನಿಷ್ಠ 100 ಗಂಟೆ ತರಬೇತಿ ಪಡೆದ ವೃತ್ತಿಪರರಲ್ಲಿ ಮಾತ್ರ ಅದು ಶೇ 2ಕ್ಕೆ ಇಳಿದಿತ್ತು. ವೃತ್ತಿಪರರ ಹೆಸರಿಗೆ ಸುಮ್ಮನೆ ಕೈ ಮುಗಿಯಬೇಕಿಲ್ಲ, ಅವರಲ್ಲೂ ತರಬೇತಿಯದೇ ತೂಕ ಎಂಬುದು ಇದರಿಂದ ತಿಳಿಯುತ್ತದೆ. ಇಲ್ಲಿ ಕನ್ನಡಿಗರಿಗೆ ಒಂದು ಕೊರತೆಯಿದೆ. ಅಮೆರಿಕದಲ್ಲಿ ದುಭಾಷಿಗಳಿಗೆ ಪ್ರಮಾಣಪತ್ರ ಕೊಡುವ ಎರಡು ರಾಷ್ಟ್ರೀಯ ಮಂಡಳಿಗಳಿವೆ. ಅವು ಬಾಯಿಮಾತಿನ ಪರೀಕ್ಷೆ ನಡೆಸುವುದು ಸ್ಪ್ಯಾನಿಷ್, ಮ್ಯಾಂಡರಿನ್, ಅರಬಿಯಂಥ ಕೆಲವೇ ಭಾಷೆಗಳಲ್ಲಿ. ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡದ ದುಭಾಷಿ ನೀತಿನಿಯಮ, ವೈದ್ಯಕೀಯ ತಿಳಿವಳಿಕೆಯ ಪರೀಕ್ಷೆ ಪಾಸಾಗಿರಬಹುದು, ಅವರ ಬಾಯಿಮಾತಿನ ಕನ್ನಡಕ್ಕೆ ಮಾತ್ರ ಈ ಮಂಡಳಿಗಳ ಪರೀಕ್ಷೆ ಇಲ್ಲ.

ಎದೆಯ ವಿಷಯಕ್ಕೆ ಬಂದಾಗ ಹೀಗೆ ಮಾತು ಬಿಟ್ಟುಹೋಗುವುದು ಹೇಗೆ ಕಾಡುತ್ತದೆ ನೋಡಿ. ಪುಸ್ತಕದಲ್ಲಿ ಬರೆದಂಥ ಹೃದಯಾಘಾತದಲ್ಲಿ ಎದೆಯ ನಡುಭಾಗ ಹಿಂಡಿದಂತಾಗುತ್ತದೆ, ನೋವು ಎಡ ರಟ್ಟೆಗೆ, ದವಡೆಗೆ ಹರಿಯುತ್ತದೆ, ಮೈ ತಣ್ಣಗೆ ಬೆವರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎಷ್ಟೋ ಸಲ ಈ ಚಿತ್ರ ಕಾಣುವುದೇ ಇಲ್ಲ. ಸುಸ್ತು, ಏದುಸಿರು, ವಾಕರಿಕೆ, ಬೆನ್ನಿನ ಮೇಲ್ಭಾಗದಲ್ಲೊಂದು ಸೆಳೆತ, ಇಷ್ಟೇ. ನಮ್ಮ ತಾಯಂದಿರು ಇದನ್ನು ಹೇಳುವ ರೀತಿ: "ಯಾಕೋ ಸಂಕಟ ಆಗ್ತಿದೆ, ಗ್ಯಾಸ್ಟ್ರಿಕ್ ಇರ್ಬೇಕು, ಜೀರಿಗೆ ನೀರು ಕುಡಿದರೆ ಸರಿ ಹೋಗುತ್ತೆ." ಮಗ ಅದರಿಂದ ಸಂಕಟವನ್ನು ಬಿಟ್ಟು ಗ್ಯಾಸನ್ನು ಮಾತ್ರ ಎತ್ತಿಕೊಂಡು ರಿಸೆಪ್ಷನ್ನಿನಲ್ಲಿ ಹೇಳುತ್ತಾನೆ. ಅಲ್ಲಿಗೆ ಆಕೆಯ ಸರದಿ ಹಿಂದಕ್ಕೆ ಹೋಯಿತು.

"ಇಸಿಜಿ ಇದೆ, ರಕ್ತದಲ್ಲಿ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದರೆ ಏರುವ ಅಂಶ) ನೋಡುತ್ತಾರೆ, ಮಾತಿನ ಗೊಡವೆ ಯಾಕೆ?" ಎಂದು ಕೇಳುವವರಿದ್ದಾರೆ. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ 90 ನಿಮಿಷದೊಳಗೆ ಬಲೂನ್ ಹಾಕಿ ತೆರೆಯಬೇಕು ಎಂಬುದು ಅಲ್ಲಿನ ಆಸ್ಪತ್ರೆಗಳು ಇಟ್ಟುಕೊಂಡ ಗುರಿ. ಆದರೆ ಆ ಹತ್ತು ನಿಮಿಷದ ಗುರಿ ಕೈಗೂಡುವುದು ಬಾಗಿಲ ಬಳಿಯ ನರ್ಸಿಗೆ ಇದು ಎದೆಯ ವಿಷಯ ಎಂದು ಅನಿಸಿದಾಗ. ಹೊಟ್ಟೆಯ ವಿಷಯ ಎಂದುಕೊಂಡರೆ ಯಂತ್ರ ಪಕ್ಕದ ಕೋಣೆಯಲ್ಲಿದ್ದರೂ ಕಾಯಬೇಕಾದದ್ದೇ. ಮೊದಲ ಇಸಿಜಿ ಸರಿಯಾಗಿಯೇ ಬಂದು, ಕೆಲವು ಗಂಟೆಗಳಾದ ಮೇಲೆ ಎರಡನೇ ಸಲ ರಕ್ತ ತೆಗೆದಾಗ ಟ್ರೋಪೋನಿನ್ ಏರಿರುವುದೂ ಉಂಟು. ಮತ್ತೆ ನೋಡೋಣ ಎಂದು ವೈದ್ಯರಿಗೆ ಅನಿಸಬೇಕಾದರೂ ರೋಗಿ ಹೇಳಿದ್ದು ಕಿವಿಗೆ ಬಿದ್ದಿರಬೇಕು.

ದುಭಾಷಿಯೂ ಎಡವುವ ಜಾಗಗಳಿವೆ. ಕಲಬುರಗಿಯ ಕಡೆಯವರು "ದಮ್ಮು ಹತ್ತತದ" ಅಂದರೆ ಮೈಸೂರಿನ ದುಭಾಷಿಗೆ ಒಂದು ಗಳಿಗೆ ತಡವರಿಕೆ. ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವ, ಎರಡು ಮೂರು ದಿಂಬು ಬೇಕಾಗುವ ಅಜ್ಜ ಅದನ್ನು "ಉಬ್ಬಸ" ಎನ್ನುತ್ತಾರೆ. ಅದನ್ನು ಅಸ್ತಮಾ ಎಂದು ತಿರುಗಿಸಿದರೆ ವೈದ್ಯರು ಶ್ವಾಸಕೋಶದ ಕಡೆ ನಡೆಯುತ್ತಾರೆ, ನಿಜವಾಗಿ ಸೋಲುತ್ತಿರುವುದು ಹೃದಯ. ಒಳ್ಳೆಯ ದುಭಾಷಿ ಇಲ್ಲಿ ಊಹಿಸಲು ಹೋಗುವುದಿಲ್ಲ. "ದುಭಾಷಿಯಾಗಿ ನನಗೊಂದು ಸ್ಪಷ್ಟನೆ ಬೇಕು" ಎಂದು ಇಬ್ಬರಿಗೂ ಹೇಳಿ, ರೋಗಿಯನ್ನೇ ಮತ್ತೆ ಕೇಳುತ್ತಾರೆ. ಹಾಗಾಗಿ ರೋಗಿ ಕಾಯಿಲೆಯ ಹೆಸರು ಹೇಳುವುದಕ್ಕಿಂತ ನಡೆದದ್ದನ್ನು ಹೇಳುವುದು ಮೇಲು. "ಮೆಟ್ಟಿಲು ಹತ್ತಿದರೆ ಎದೆ ಮೇಲೆ ಕಲ್ಲು ಹೇರಿದ ಹಾಗಾಗುತ್ತದೆ, ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ" ಎಂಬ ಮಾತನ್ನು ಯಾವ ಭಾಷೆಗೆ ತಂದರೂ ಕೆಡಿಸುವುದು ಕಷ್ಟ. ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂಬ ಪ್ರಶ್ನೆಗೆ "ಪರವಾಗಿಲ್ಲ, ತಡ್ಕೋಬಹುದು" ಎನ್ನುವುದು ನಮ್ಮ ಅಭ್ಯಾಸ. ದಯವಿಟ್ಟು ಒಂದು ಸಂಖ್ಯೆ ಹೇಳಿ. ಸಹನೆಗೆ ಅಲ್ಲಿ ಯಾರೂ ಹಾರ ಹಾಕುವುದಿಲ್ಲ.

ಮುಚ್ಚಿಟ್ಟುಕೊಳ್ಳುವ ಮಾತುಗಳ ಪಟ್ಟಿ ದೊಡ್ಡದು. ಸಿಗರೇಟು ಸೇದುತ್ತೀರಾ ಎಂದು ವೈದ್ಯರು ಅಮ್ಮನನ್ನು ಕೇಳುತ್ತಾರೆ. ಮಗನಿಗೆ ನಗು ಬರುತ್ತದೆ, ಇಲ್ಲ ಎನ್ನುತ್ತಾನೆ. ಆದರೆ ಅಮ್ಮನ ಬ್ಯಾಗಿನೊಳಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಪೊಟ್ಟಣ ಬೆಚ್ಚಗೆ ಕೂತಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ತಂಬಾಕು ಅಗಿಯುವವರಿಗೆ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಮಿಕ್ಕಿ ಕಂಡುಬಂದಿತ್ತು. ಹೆಂಗಸರಿಗೆ ಕೇಳುವ ಇನ್ನೊಂದು ಪ್ರಶ್ನೆ, ಬಸುರಿಯಾಗಿದ್ದಾಗ ಬಿ.ಪಿ. ಏರಿತ್ತೇ, ಸಕ್ಕರೆ ಕಾಣಿಸಿತ್ತೇ ಎಂಬುದು. ಅದು ಮೂವತ್ತು ವರ್ಷದ ಹಿಂದಿನ ಮಾತಾದರೂ ಹೃದಯದ ಇಂದಿನ ಲೆಕ್ಕದಲ್ಲಿ ಅದಕ್ಕೆ ಜಾಗವಿದೆ. ಆ ಬಸಿರಿನಲ್ಲಿ ಇದ್ದವನೇ ಈಗ ದುಭಾಷಿಯಾಗಿ ನಿಂತಿದ್ದರೆ ಅಮ್ಮ ಏನು ತಾನೇ ಹೇಳಿಯಾರು?

ಇನ್ನು ಮಾತ್ರೆಗಳು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಇಕೋಸ್ಪ್ರಿನ್, ಟೆಲ್ಮಾ, ಸಾರ್ಬಿಟ್ರೇಟ್ ಎಂಬ ಹೆಸರುಗಳು ಅಮೆರಿಕದ ವೈದ್ಯರಿಗೆ ಅರ್ಥವಾಗುವುದಿಲ್ಲ. ಅಲ್ಲಿನ ಚಿಕ್ಕ ಆಸ್ಪಿರಿನ್ 81 ಮಿಲಿಗ್ರಾಂ, ನಮ್ಮದು 75. ಎರಡು ಮೂರು ಔಷಧ ಒಂದೇ ಗುಳಿಗೆಯಲ್ಲಿ ಸೇರಿಸುವುದು ನಮ್ಮಲ್ಲಿ ಮಾಮೂಲು. ಇಕೋಸ್ಪ್ರಿನ್-ಎವಿಯಲ್ಲಿ ಆಸ್ಪಿರಿನ್ ಜೊತೆ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಕೂಡ ಇದೆ. ಅದು ತಿಳಿಯದೆ ಹೊಸದಾಗಿ ಬರೆದರೆ ಒಂದೇ ಔಷಧ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ವಿಮಾನ ಹತ್ತುವ ಮೊದಲೇ ಊರಿನ ವೈದ್ಯರ ಬಳಿ ಪ್ರತಿ ಮಾತ್ರೆಯ ಒಳಗಿನ ಔಷಧದ ಹೆಸರು, ಪ್ರಮಾಣ ಬರೆಸಿಕೊಳ್ಳಿ, ಹಳೆಯ ಇಸಿಜಿಯ ಪ್ರತಿ, ಸ್ಟೆಂಟ್ ಹಾಕಿದ್ದರೆ ಅದರ ಕಾರ್ಡ್ ಜೊತೆಗಿರಲಿ. ಕಷಾಯವನ್ನೂ ಹೇಳಬೇಕು. ಮಗ "ಅದು ಮನೆಮದ್ದು" ಎಂದು ಬಿಟ್ಟುಬಿಡುತ್ತಾನೆ. ಕೆಮ್ಮಿಗೆಂದು ದಿನವೂ ಕುಡಿಯುವ ಜ್ಯೇಷ್ಠಮಧುವಿನ ಕಷಾಯ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಮಾತ್ರೆ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ವೈದ್ಯರು ತಲೆ ಕೆರೆದುಕೊಳ್ಳುತ್ತಿದ್ದರೆ ಉತ್ತರ ಅಡುಗೆಮನೆಯ ಡಬ್ಬಿಯಲ್ಲಿರುತ್ತದೆ.

ಬಿ.ಪಿ.ಯದೇ ಇನ್ನೊಂದು ಜಗಳ. ಊರಿನ ವೈದ್ಯರು 138/84 ನೋಡಿ "ವಯಸ್ಸಿಗೆ ಪರವಾಗಿಲ್ಲ" ಎಂದಿರುತ್ತಾರೆ. ಅಮೆರಿಕದ ಹೃದ್ರೋಗ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಎಳೆದವು. ಅದೇ ಅಂಕಿ ಅಲ್ಲಿ ಅಧಿಕ ರಕ್ತದೊತ್ತಡ ಎನಿಸಿಕೊಳ್ಳುತ್ತದೆ. "ಇಲ್ಲಿಗೆ ಬಂದ ಮೇಲೆ ಬಿ.ಪಿ. ಬಂತು" ಎಂದು ಅಪ್ಪ ಹವೆಯನ್ನೋ ಸೊಸೆಯ ಅಡುಗೆಯನ್ನೋ ದೂರುವುದುಂಟು. ಬದಲಾದದ್ದು ಗೆರೆ ಮಾತ್ರ. ಇದನ್ನು ದುಭಾಷಿಯ ಮೂಲಕ ವೈದ್ಯರನ್ನೇ ಕೇಳಿ ಬಗೆಹರಿಸಿಕೊಂಡರೆ ಮನೆಯಲ್ಲಿ ಶಾಂತಿ.

ಯಾಕಿಷ್ಟು ಗಾಬರಿ ಎಂದರೆ, ನಮ್ಮ ಹೃದಯಗಳು ಬೇಗ ಕೆಡುತ್ತವೆ. ಇಂಟರ್‌ಹಾರ್ಟ್ ಅಧ್ಯಯನದ ಭಾರತದ ಭಾಗವನ್ನು ನಡೆಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್. ಅದರ ದಕ್ಷಿಣ ಏಷ್ಯಾದ ಅಂಕಿಗಳು 2007ರಲ್ಲಿ ಬಂದಾಗ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ನಮ್ಮವರಲ್ಲಿ 53, ಉಳಿದವರಲ್ಲಿ 59 ಎಂದು ಗೊತ್ತಾಯಿತು. ಆರು ವರ್ಷದ ಅಂತರ. ಅಮೆರಿಕದಲ್ಲೇ ನೆಲೆಸಿದ ದಕ್ಷಿಣ ಏಷ್ಯನ್ನರನ್ನು 2010ರಿಂದ ಹಿಂಬಾಲಿಸುತ್ತಿರುವ ಮಸಾಲಾ ಎಂಬ ಅಧ್ಯಯನ (ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದೆ) ಅವರಲ್ಲಿ ಸಕ್ಕರೆ ಕಾಯಿಲೆ ಬಿಳಿಯರಿಗಿಂತ ಬಹಳ ಹೆಚ್ಚೆಂದು ತೋರಿಸಿದೆ. 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಪಟ್ಟಿಗೆ ಸೇರಿಸಿತು. ನೋಡಲು ತೆಳ್ಳಗಿದ್ದರೂ ಹೊಟ್ಟೆ ಸುತ್ತಲಿನ ಕೊಬ್ಬು ನಮ್ಮನ್ನು ಕಾಡುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಕೂಡದು.

ಸಮಾಧಾನವೂ ಅದೇ ಇಂಟರ್‌ಹಾರ್ಟ್ ಅಧ್ಯಯನದಲ್ಲಿದೆ. ತಂಬಾಕು, ಕೊಬ್ಬಿನ ಏರುಪೇರು, ಬಿ.ಪಿ., ಸಕ್ಕರೆ, ಬೊಜ್ಜು, ಮನಸ್ಸಿನ ಒತ್ತಡ, ಸೊಪ್ಪು–ತರಕಾರಿ–ಹಣ್ಣಿನ ಅಭಾವ, ಮದ್ಯ, ಮೈ ಬಗ್ಗಿಸದಿರುವುದು, ಈ ಒಂಬತ್ತೇ ಸೇರಿ ಜಗತ್ತಿನ ಮೊದಲ ಹೃದಯಾಘಾತಗಳಲ್ಲಿ ಶೇ 90ರಷ್ಟಕ್ಕೆ ಕಾರಣ. ಎಲ್ಲವೂ ಮನುಷ್ಯನ ಕೈಯಲ್ಲಿರುವಂಥವು. ಆದರೆ ಆಸ್ಪತ್ರೆ ಕೊಡುವ ಕರಪತ್ರದಲ್ಲಿ ಬೇಕನ್ ಬಿಡಿ, ಡಬ್ಬಿ ಸೂಪ್ ಬಿಡಿ ಎಂದಿರುತ್ತದೆ. ದುಭಾಷಿ ಅದನ್ನು ಎಷ್ಟೇ ಶುದ್ಧವಾಗಿ ಕನ್ನಡಿಸಿದರೂ ಹುಟ್ಟಾ ಸಸ್ಯಾಹಾರಿ ಅಜ್ಜಿಗೆ ಅದರಿಂದ ಆಗಬೇಕಾದ್ದೇನು? ಆಕೆಯ ಉಪ್ಪು ಇರುವುದು ಉಪ್ಪಿನಕಾಯಿಯಲ್ಲಿ, ಹಪ್ಪಳ ಸಂಡಿಗೆಯಲ್ಲಿ, ಮೊಸರನ್ನಕ್ಕೆ ಮೇಲೆ ಉದುರಿಸಿಕೊಳ್ಳುವ ಚಿಟಿಕೆಯಲ್ಲಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಾರು, ಪಲ್ಯ, ಚಟ್ನಿಪುಡಿಗಳೇ ಅದನ್ನು ಮುಗಿಸಿಬಿಡುತ್ತವೆ. ಆದ್ದರಿಂದ ಡಯಟಿಶಿಯನ್ ಬಂದಾಗ ತಟ್ಟೆಯಲ್ಲಿ ಏನೇನಿರುತ್ತದೆ ಎಂದು ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಸಾವಧಾನವಾಗಿ ಹೇಳಿ. ಏಕಾದಶಿಯ ಉಪವಾಸವಿದ್ದರೆ ಅದನ್ನೂ ಹೇಳಿ, ಸಕ್ಕರೆಯ ಮಾತ್ರೆ ನುಂಗಿ ಉಪವಾಸ ಕೂತರೆ ತಲೆ ಸುತ್ತಿ ಬೀಳಲೂಬಹುದು. ಕಡಿಮೆ ಸೋಡಿಯಂ ಉಪ್ಪು ತರೋಣವೇ ಎಂದು ಕೇಳದೆ ಕೊಳ್ಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ, ಕಿಡ್ನಿ ದುರ್ಬಲವಾದವರಿಗೆ ಅದು ಅಪಾಯ ತರಬಹುದು.

ನಡಿಗೆಯದು ಬೇರೆಯದೇ ಗೋಳು. ಊರಲ್ಲಿ ಹಾಲಿಗೆ, ಹೂವಿಗೆ, ದೇವಸ್ಥಾನಕ್ಕೆ ಎಂದು ನಾಲ್ಕು ಸಲ ಹೊರಗೆ ಹೋಗುತ್ತಿದ್ದವರು ಅಮೆರಿಕದ ಉಪನಗರದಲ್ಲಿ ಕಾರಿಲ್ಲದೆ ಗೇಟು ದಾಟುವುದಿಲ್ಲ. ಚಳಿಗಾಲದಲ್ಲಂತೂ ಸೋಫಾ, ಟೀವಿ, ಮೊಮ್ಮಗು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕೆಂದು ಹೇಳುವ ವೈದ್ಯರಿಗೆ ಈ ಸ್ಥಿತಿ ತಿಳಿಯುವುದು ರೋಗಿಯೇ ಬಾಯಿ ಬಿಟ್ಟು ಹೇಳಿಕೊಂಡಾಗ. ಮಗ ಇದನ್ನು ತಿರುಗಿಸಿ ಹೇಳುತ್ತಾನೆಂದು ನನಗೆ ನಂಬಿಕೆಯಿಲ್ಲ. ತನ್ನ ಮನೆಯ ಮೇಲೆ ತಾನೇ ದೂರು ಕೊಟ್ಟಂತಾಗುತ್ತದಲ್ಲ.

ಕಷ್ಟದ ಮಾತು ಬರುವುದು ಕೊನೆಯಲ್ಲಿ. ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ ಕೇಳುತ್ತಾರೆ: ಒಂದು ವೇಳೆ ಹೃದಯ ನಿಂತರೆ ಎದೆ ಒತ್ತಿ, ಕೊಳವೆ ಹಾಕಿ ಬದುಕಿಸುವ ಯತ್ನ ಮಾಡಬೇಕೆ? ಕೇಳಿದ ತಕ್ಷಣ ಮಗಳು "ಬಿಡ್ತು ಅನ್ನಿ!" ಎನ್ನುತ್ತಾಳೆ, ಅಪ್ಪನಿಗೆ ತಲುಪಿಸುವ ಮಾತಂತೂ ದೂರ. ಹಡೆದವರ ಮುಂದೆ ಅಂಥ ಮಾತಾಡುವ ನಾಲಿಗೆ ನಮ್ಮಲ್ಲಿ ಯಾರಿಗೂ ಇಲ್ಲ, ಅದು ತಪ್ಪೂ ಅಲ್ಲ. ಆದರೆ ಉತ್ತರ ಹೇಳಬೇಕಾದವರು ಅಪ್ಪ. ಎಷ್ಟೋ ಹಿರಿಯರಿಗೆ ಈ ಬಗ್ಗೆ ನಿಚ್ಚಳ ಅಭಿಪ್ರಾಯವಿರುತ್ತದೆ, ಮಕ್ಕಳ ಮುಂದೆ ಆಡಲು ಅವರಿಗೂ ಸಂಕೋಚ. ಹೊರಗಿನವರೊಬ್ಬರು, ಪರದೆಯ ಆಚೆಯಿಂದ, ಸಮಾಧಾನದ ಕನ್ನಡದಲ್ಲಿ ಕೇಳಿದರೆ ಹೇಳಿಬಿಡುತ್ತಾರೆ.

ಹಾಗಾದರೆ ಕೇಳುವುದು ಹೇಗೆ? ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಬೇಕು, ಹೋದ ಮೇಲೆ ಕೇಳಿದರೆ ಕಾಯಬೇಕಾಗುತ್ತದೆ. ಭಾಷೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳಿ: ಕೆ, ಎ, ಎನ್, ಎನ್, ಎ, ಡಿ, ಎ. ಇಲ್ಲದಿದ್ದರೆ ಆ ಕಡೆಯವರು ಕೆನಡಾ ಎಂದುಕೊಂಡು "ಅಲ್ಲಿಯವರು ಇಂಗ್ಲಿಷೇ ಮಾತಾಡುತ್ತಾರಲ್ಲ" ಎಂದಾರು. "ಇಂಡಿಯನ್" ಎಂದರೆ ಹಿಂದಿಯವರನ್ನು ಕಳಿಸುತ್ತಾರೆ. ಫೈಲಿನಲ್ಲಿ ಒಮ್ಮೆ ಭಾಷೆ ದಾಖಲಾದರೆ ಮುಂದಿನ ಭೇಟಿಗಳಲ್ಲಿ ಸುಲಭ. ಎದೆನೋವಿನ ತುರ್ತಿದ್ದರೆ ಆಲೋಚಿಸುತ್ತ ಕೂರದೆ 911 ಒತ್ತಿ, ಭಾಷೆಯ ಹೆಸರಷ್ಟನ್ನೇ ಹೇಳಿದರೂ ಫೋನಿನಲ್ಲಿ ದುಭಾಷಿಯನ್ನು ಜೋಡಿಸಲು ನೋಡುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದವರೆಂಬ ಕಾರಣಕ್ಕೆ ಎಮರ್ಜೆನ್ಸಿ ವಾರ್ಡು ಪರೀಕ್ಷಿಸದೆ ಹೊರಗೆ ಕಳಿಸುವಂತಿಲ್ಲ. 1986ರ ಕಾನೂನು ಅದಕ್ಕೆ ಅಡ್ಡವಿದೆ. ಬಿಲ್ಲಿನ ಮಾತು ಬೇರೆ, ಅದು ಆಮೇಲೆ ಬಂದೇ ಬರುತ್ತದೆ. ಇನ್ಶೂರೆನ್ಸ್ ಕಾಗದದಲ್ಲಿ ಹಳೆಯ ಹೃದ್ರೋಗಕ್ಕೆ ಏನು ಬರೆದಿದ್ದಾರೆಂದು ಊರಲ್ಲೇ ಓದಿಕೊಂಡು ಹೊರಡಿ.

ಕೋಣೆಯೊಳಗೆ ಒಂದೊಂದೇ ವಾಕ್ಯ ಹೇಳಿ ನಿಲ್ಲಿ. ಮಗ ಇರಲಿ, ಕೈ ಹಿಡಿದುಕೊಳ್ಳಲಿ, ನೆನಪು ಮಾಡಿಕೊಡಲಿ, ಕೊನೆಗೆ ಬರೆದುಕೊಳ್ಳಲಿ. ಮಾತು ತಿರುಗಿಸುವ ಕೆಲಸ ಮಾತ್ರ ಅವನದಲ್ಲ. ಅರ್ಥವಾಗದಿದ್ದರೂ "ಹೂಂ, ಹೂಂ" ಎಂದು ತಲೆಯಾಡಿಸುವುದು ನಮ್ಮ ಮರ್ಯಾದೆಯ ರೂಢಿ, ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಅವರ ರೂಢಿ. ಒಳ್ಳೆಯ ವೈದ್ಯರು ಹೊರಡುವ ಮೊದಲು "ಈಗ ನೀವೇ ನನಗೆ ಹೇಳಿ, ಮನೆಗೆ ಹೋಗಿ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಕೇಳದಿದ್ದರೆ ನೀವೇ ಒಪ್ಪಿಸಿಬಿಡಿ. ಹೃದಯ ಸೋಲುವ ಕಾಯಿಲೆ ಇದ್ದವರಿಗೆ ದಿನಾ ಬೆಳಗ್ಗೆ ತೂಕ ನೋಡಿಕೊಂಡು, ವಾರದಲ್ಲಿ ಐದು ಪೌಂಡು ಏರಿದರೆ ಫೋನು ಮಾಡಿ ಎನ್ನುತ್ತಾರೆ. ಐದು ಪೌಂಡು ಎಂದರೆ ಸುಮಾರು ಎರಡೂಕಾಲು ಕಿಲೋ ಎಂದು ಅಲ್ಲೇ ಲೆಕ್ಕ ಹಾಕಿಸಿಕೊಳ್ಳಿ.

ಇಷ್ಟೆಲ್ಲ ಅಮೆರಿಕದ ಕತೆಯಾಯಿತು. ನಮ್ಮಲ್ಲಿ? ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ 46ನೇ ವಯಸ್ಸಿಗೇ ಹೋದ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರಿಗೆ ಹೋಗುತ್ತದೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಸಿಗುತ್ತದೆ. ಇಸಿಜಿಯ ಗೆರೆಗಳಿಗೆ ಭಾಷೆ ಬೇಕಿಲ್ಲ. ರೋಗಿಗೆ ಬೇಕು. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳು ಹೊರದೇಶದ ರೋಗಿಗಳಿಗೆಂದೇ ಅರಬಿ, ಫ್ರೆಂಚ್ ಬಲ್ಲವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿವೆ. ಅದೇ ಕಟ್ಟಡದಲ್ಲಿ ರಾಯಚೂರಿನಿಂದ ಬಂದ ರೈತನ ಮಾತನ್ನು ಹೊರರಾಜ್ಯದ ವೈದ್ಯರಿಗೆ ತಲುಪಿಸುವವರು ವಾರ್ಡಿನ ಆಯಾ, ಇಲ್ಲವೇ ಪಕ್ಕದ ಮಂಚದವರ ಅಳಿಯ. ಎಂ.ಬಿ.ಬಿ.ಎಸ್. ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ 2019ರಿಂದ ಭಾಷಾ ಕಲಿಕೆಯೂ ಸೇರಿದೆ ಎಂಬುದೊಂದೇ ಸಮಾಧಾನ. ಹಣ ಕೊಡುವವನಿಗೆ ದುಭಾಷಿ, ನೆಲದವನಿಗೆ ಆಯಾ ಎಂಬ ಈ ಲೆಕ್ಕ ನನಗಂತೂ ನಾಚಿಕೆಯದು ಅನಿಸುತ್ತದೆ.

ಡಿಸ್ಚಾರ್ಜ್ ಸಮ್ಮರಿಯೂ ಇಂಗ್ಲಿಷಿನಲ್ಲೇ. ಮಾತ್ರೆಗಳ ಸಾಲು 1-0-1 ಎಂಬ ಅಂಕಿಗಳಿಂದ ಹೇಗೋ ಅರ್ಥವಾಗುತ್ತದೆ, ಉಳಿದದ್ದನ್ನು ಮೆಡಿಕಲ್ ಶಾಪಿನ ಹುಡುಗ ಗಿರಾಕಿಗಳ ನೂಕುನುಗ್ಗಲಿನಲ್ಲಿ ವಿವರಿಸುತ್ತಾನೆ. ಅವನು ವಿವರಿಸದ ಒಂದು ಸಾಲು ಇದೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಅಥವಾ ಅದರಂಥ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ, ಒಂದು ದಿನವೂ ತಪ್ಪಿಸದೆ ನುಂಗಬೇಕು. ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಮೂರು ತಿಂಗಳಿಗೆ ಚೆನ್ನಾಗಿದ್ದೇನೆ ಎಂದು ಬಿಡುವವರಿದ್ದಾರೆ, ಹಲ್ಲು ಕೀಳಿಸಲು ಹೋಗಿ ಬಿಡುವವರಿದ್ದಾರೆ. ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಬಿಡಕೂಡದು ಎಂಬುದನ್ನು, ಯಾವ ಮಾತ್ರೆ, ಯಾವ ತಿಂಗಳವರೆಗೆ ಎಂಬುದನ್ನು ವಾರ್ಡು ಬಿಡುವ ಮೊದಲೇ ಕನ್ನಡದಲ್ಲಿ ಬರೆಸಿಕೊಳ್ಳಿ. ಇರುವ ನರ್ಸಿಗೆ ಕನ್ನಡ ಬಾರದಿದ್ದರೆ ಬರುವವರನ್ನು ಕರೆಸಲು ಹೇಳಿ, ಬರುವ ತನಕ ಬಿಲ್ ಕೌಂಟರಿನ ಕಡೆ ಹೋಗಬೇಡಿ.